ಸದ್ದು ಜೋರು, ಹೀರುವುದು ಸೊನ್ನೆ
ವ್ಯಾಕ್ಯೂಮ್ ಕ್ಲೀನರ್ ಕೆಟ್ಟಾಗ ಎಲ್ಲಿಂದ ನೋಡಬೇಕು?

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಿಂದ ವೀಕ್ಷಕಿಯೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಪತ್ರ ಬರೆದಿದ್ದರು. ಅವರ ಅತ್ತೆಯವರಿಗೆ ಉಬ್ಬಸ. ಮನೆಯಲ್ಲಿ ಪೊರಕೆ ಆಡಿಸಿದ ದಿನ ರಾತ್ರಿಯೆಲ್ಲ ಕೆಮ್ಮು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೈದುನ ಇದನ್ನು ಕಂಡು ವ್ಯಾಕ್ಯೂಮ್ ಕ್ಲೀನರ್ ಒಂದನ್ನು ತಂದುಕೊಟ್ಟರಂತೆ. ಒಂದು ವರ್ಷ ಯಂತ್ರ ಚೆನ್ನಾಗಿ ಕೆಲಸ ಮಾಡಿತು, ಅತ್ತೆಯವರ ಕೆಮ್ಮೂ ತಗ್ಗಿತು. ಆಷಾಢದ ಗಾಳಿ ಬೀಸಿ ಮನೆಯೊಳಗೆಲ್ಲ ಕೆಂಪು ಧೂಳು ಕೂತು, ದಿನಕ್ಕೆರಡು ಬಾರಿ ಯಂತ್ರ ಓಡಿಸಬೇಕಾಗಿ ಬಂದಾಗ ಅದು ಕೈಕೊಟ್ಟಿತು. "ಸದ್ದು ಮೊದಲಿಗಿಂತ ಜೋರಾಗಿದೆ, ಆದರೆ ಹೀರುವುದಿಲ್ಲ. ಹತ್ತು ನಿಮಿಷಕ್ಕೆ ತಾನೇ ನಿಂತುಬಿಡುತ್ತದೆ. ಒಂದು ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ" ಎಂಬುದು ಅವರ ವಿವರಣೆ. ರಿಪೇರಿಗೆ ತೋರಿಸಿದಾಗ ಮೋಟಾರು ಹೋಗಿದೆ, ಹೊಸದು ಹಾಕಬೇಕು ಎಂಬ ಉತ್ತರ ಬಂತು. ಅದಕ್ಕೆ ಹೇಳಿದ ಬೆಲೆ ಯಂತ್ರದ ಬೆಲೆಯ ಅರ್ಧ. ಮೋಟಾರು ಹಾಕಿಸಲೇ, ಗುಜರಿಗೆ ಕೊಟ್ಟು ಮತ್ತೆ ಪೊರಕೆ ಹಿಡಿಯಲೇ ಎಂದು ಅವರು ಕೇಳಿದ್ದರು.

ಕಾರ್ಯಕ್ರಮದಲ್ಲಿ ಈ ಪತ್ರಕ್ಕೆ ಸಿಕ್ಕಿದ್ದು ಎರಡೇ ನಿಮಿಷ. ಎರಡೂ ಬೇಡ, ಮೊದಲು ಗಾಳಿಯ ದಾರಿ ನೋಡಿ ಎಂದಷ್ಟೇ ಹೇಳಲು ಸಾಧ್ಯವಾಯಿತು. ಯಾಕೆ ಹಾಗೆ ಹೇಳಿದ್ದು, ನೋಡುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅವರ ಪತ್ರದಲ್ಲಿದ್ದ ಮೂರು ಸಂಗತಿಗಳನ್ನು, ಅಂದರೆ ಸದ್ದು ಏರಿದ್ದು, ಹೀರುವಿಕೆ ಇಳಿದದ್ದು, ತಾನೇ ನಿಂತು ತಾನೇ ಮತ್ತೆ ಓಡಿದ್ದು, ಇವನ್ನು ನೀವು ನೆನಪಿನಲ್ಲಿಟ್ಟುಕೊಂಡರೆ ಸಾಕು. ರೋಗವನ್ನು ಯಂತ್ರವೇ ಹೇಳುತ್ತಿದೆ.

ಬಾವಿಯ ಪಂಪಿನ ಪಾಠ

ಹೆಸರಿನಲ್ಲಿ ನಿರ್ವಾತವಿದ್ದರೂ ಈ ಯಂತ್ರದೊಳಗೆ ನಿರ್ವಾತವೇನೂ ಇರುವುದಿಲ್ಲ. ಒಂದು ಮೋಟಾರು, ಅದರ ತುದಿಯಲ್ಲಿ ಒಂದು ಫ್ಯಾನು. ಫ್ಯಾನು ಗಾಳಿಯನ್ನು ಹಿಂದಕ್ಕೆ ಎಸೆಯುತ್ತದೆ, ಎಸೆದ ಜಾಗದಲ್ಲಿ ಒತ್ತಡ ತಗ್ಗುತ್ತದೆ. ಹೊರಗಿನ ಗಾಳಿ ಆ ಕಡೆಗೆ ನುಗ್ಗುವಾಗ ದಾರಿಯಲ್ಲಿರುವ ಧೂಳನ್ನೂ ಹೊತ್ತು ತರುತ್ತದೆ. ನಿಜ ಹೇಳಬೇಕೆಂದರೆ ಯಂತ್ರ ಹೀರುವುದೇ ಇಲ್ಲ, ಹೊರಗಿನ ವಾತಾವರಣ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರ ಸುಮಾರು 101 ಕಿಲೋಪಾಸ್ಕಲ್. ಶಿರಾ ಸೀಮೆ ಸುಮಾರು 660 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಅದು 94ರ ಆಸುಪಾಸು. ಮನೆಬಳಕೆಯ ಒಳ್ಳೆಯ ಯಂತ್ರವೊಂದು ಇದರಲ್ಲಿ 20 ಕಿಲೋಪಾಸ್ಕಲ್‌ನಷ್ಟನ್ನು ತಗ್ಗಿಸಬಲ್ಲುದು. ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಎರಡು ಮೀಟರ್ ನೀರನ್ನು ಮೇಲೆತ್ತುವಷ್ಟು. ಅದಕ್ಕಿಂತ ಹೆಚ್ಚಿನ ಬಲ ಅದಕ್ಕಿಲ್ಲ. ಹೀಗಾಗಿ ದಾರಿಯಲ್ಲಿ ಒಂದಿಷ್ಟು ಅಡ್ಡಿ ಬಂದರೂ ಅದರ ಆಟ ಮುಗಿಯುತ್ತದೆ.

ಬಯಲುಸೀಮೆಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ, ನೀರು ಇಳಿದಂತೆಲ್ಲ ಪಂಪನ್ನೂ ಬಾವಿಯೊಳಗೆ ಇಳಿಸುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಮೇಲೆ ಕೂತ ಪಂಪು ಎಷ್ಟೇ ಕುದುರೆಶಕ್ತಿಯದಾದರೂ ಆರೇಳು ಮೀಟರ್‌ಗಿಂತ ಕೆಳಗಿನ ನೀರನ್ನು ಎಳೆಯಲಾರದು. ಎಳೆಯುವಂತೆ ಕಾಣುವುದು ಪಂಪಾದರೂ ನೀರನ್ನು ಮೇಲಕ್ಕೆ ತಳ್ಳುವುದು ವಾಯುಭಾರ. ಈಗ ಕೊಳವೆಬಾವಿಯ ತಳದಲ್ಲಿ ಕೂತ ಸಬ್‌ಮರ್ಸಿಬಲ್ ಪಂಪು ನೀರನ್ನು ಕೆಳಗಿನಿಂದ ದಬ್ಬುವುದರಿಂದ ಈ ಮಿತಿ ಅದಕ್ಕಿಲ್ಲ.

ಆ ಬಾವಿಯ ಪಂಪು ಓಡುತ್ತಿದ್ದೂ ನೀರು ಬಾರದಿದ್ದರೆ ರೈತ ಏನು ಮಾಡುತ್ತಿದ್ದ? ಮೋಟಾರು ಬಿಚ್ಚುತ್ತಿರಲಿಲ್ಲ. ಫುಟ್‌ವಾಲ್ವಿಗೆ ಎಲೆ, ಪಾಚಿ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡುತ್ತಿದ್ದ. ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆಯೇ ಎಂಬುದು ಎರಡನೆಯದು. ಇವೆರಡೂ ಸರಿಯಿದ್ದರೆ ಮಾತ್ರ ಪಂಪಿನ ಹೊಟ್ಟೆಗೆ ಕೈ ಹಾಕುತ್ತಿದ್ದ. ಅಡ್ಡಿ, ಸೋರಿಕೆ, ಆಮೇಲೆ ಮೋಟಾರು. ವ್ಯಾಕ್ಯೂಮ್ ಕ್ಲೀನರಿಗೂ ಇದೇ ಕ್ರಮ. ಮನೆಯ ಪಡಸಾಲೆಯಲ್ಲಿ ಕೂತ ಯಂತ್ರವೆಂದ ಕೂಡಲೇ ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ, ಅಷ್ಟೇ.

ಸದ್ದು ಏರುವುದೇಕೆ?

ಕಾರ್ಯಕ್ರಮದ ಚಿತ್ರೀಕರಣದಲ್ಲಿ ನಾವೊಂದು ಚಿಕ್ಕ ಪ್ರಯೋಗ ಮಾಡಿದೆವು. ಯಂತ್ರದ ತಂತಿಗೆ ಆಂಪಿಯರ್ ತೋರಿಸುವ ಕ್ಲ್ಯಾಂಪ್ ಮೀಟರ್ ಹಾಕಿ, ಓಡುತ್ತಿರುವಾಗಲೇ ಪೈಪಿನ ಬಾಯನ್ನು ಅಂಗೈಯಿಂದ ಮುಚ್ಚಿದೆವು. ಸದ್ದು ಕೀರಲು ದನಿಗೆ ಏರಿತು. ಮೀಟರಿನ ಅಂಕಿ ಏರುತ್ತದೆಯೋ ಇಳಿಯುತ್ತದೆಯೋ ಎಂದು ಕೇಳಿದಾಗ ಸ್ಟುಡಿಯೋದಲ್ಲಿದ್ದ ಬಹುಪಾಲು ಜನ ಏರುತ್ತದೆ ಎಂದರು. ಯಂತ್ರ ಉಸಿರು ಕಟ್ಟಿ ಒದ್ದಾಡುತ್ತಿದೆ ಎಂದು ಕಿವಿಗೆ ಅನ್ನಿಸುವುದರಿಂದ ಆ ಉತ್ತರ ಸಹಜವೇ. ಆದರೆ ಅಂಕಿ ಇಳಿಯಿತು.

ಕಾರಣ ಸರಳ. ಮೋಟಾರಿನ ಕೆಲಸ ಗಾಳಿಯನ್ನು ಎಸೆಯುವುದು. ಹೊಸ ಗಾಳಿ ಒಳಗೆ ಬರುವುದೇ ನಿಂತಾಗ ಎಸೆಯಲು ಏನೂ ಇಲ್ಲ. ಒಳಗಿದ್ದ ಸ್ವಲ್ಪ ಗಾಳಿಯೇ ಫ್ಯಾನಿನ ಜೊತೆ ಗಿರಕಿ ಹೊಡೆಯುತ್ತದೆ. ಹೊರೆ ಇಳಿದ ಎತ್ತು ಓಡುವಂತೆ ಮೋಟಾರು ಹಗುರಾಗಿ ಇನ್ನೂ ಜೋರಾಗಿ ತಿರುಗುತ್ತದೆ, ಸದ್ದು ಏರುತ್ತದೆ. ಸೆಂಟ್ರಿಫ್ಯೂಗಲ್ ಪಂಪನ್ನು ಶುರು ಮಾಡುವಾಗ ಡೆಲಿವರಿ ವಾಲ್ವನ್ನು ಮುಚ್ಚಿಟ್ಟು, ಆಮೇಲೆ ನಿಧಾನವಾಗಿ ತೆರೆಯುವ ಪದ್ಧತಿ ನಿಮಗೆ ಗೊತ್ತಿರಬಹುದು. ಅದರ ಹಿಂದಿರುವುದೂ ಇದೇ ತತ್ವ. ನೀರು ಹರಿಯದಿದ್ದಾಗ ಅಂಥ ಪಂಪು ಕಡಿಮೆ ವಿದ್ಯುತ್ ಎಳೆಯುತ್ತದೆ.

ಹಾಗಾದರೆ ಬಿಸಿಯಾಗುವುದೇಕೆ, ನಿಲ್ಲುವುದೇಕೆ? ಮನೆಬಳಕೆಯ ಬಹುತೇಕ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗಿಡುವುದಕ್ಕೆ ಬೇರೆ ಏರ್ಪಾಟು ಇರುವುದಿಲ್ಲ. ಚೀಲದಲ್ಲಿ ಧೂಳು ಬಿಟ್ಟು ಬಂದ ಗಾಳಿಯೇ ಮೋಟಾರಿನ ಮೈಮೇಲೆ ಹರಿದು ಅದರ ಬಿಸಿಯನ್ನು ಹೊರಗೆ ಒಯ್ಯುತ್ತದೆ. ಗಾಳಿ ನಿಂತರೆ, ಎಳೆಯುವ ವಿದ್ಯುತ್ ಕಡಿಮೆಯಾದರೂ, ಹುಟ್ಟಿದ ಬಿಸಿಗೆ ಹೊರಹೋಗುವ ದಾರಿಯಿಲ್ಲ. ಅದು ಮಿತಿ ಮೀರಿದಾಗ ಒಳಗಿರುವ ಥರ್ಮಲ್ ಸ್ವಿಚ್ಚು ವಿದ್ಯುತ್ತನ್ನು ಕಡಿಯುತ್ತದೆ. ಬಿಸಿಗೆ ಬಾಗುವ ಎರಡು ಲೋಹದ ಪಟ್ಟಿಯ ಸ್ವಿಚ್ಚಾದರೆ ಆರಿದ ಮೇಲೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ನಿಂತು ಒಂದು ಗಂಟೆ ಬಿಟ್ಟು ಓಡುವ ಯಂತ್ರದ ಕತೆ ಇದು. ಅದು ಕೆಟ್ಟಿಲ್ಲ, ಕೆಡದಂತೆ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಆ ಎಚ್ಚರಿಕೆಯನ್ನು ಲೆಕ್ಕಿಸದೆ ತಿಂಗಳುಗಟ್ಟಲೆ ಹಾಗೇ ಓಡಿಸಿದರೆ ಸುರುಳಿಯ ಮೇಲಿನ ವಾರ್ನಿಷ್ ಸುಟ್ಟು, ರಿಪೇರಿಯವರ ಮಾತು ಆಗ ನಿಜವಾಗುತ್ತದೆ.

ಇಷ್ಟು ತಿಳಿದ ಮೇಲೆ ಕಿವಿಯೇ ಅರ್ಧ ಪರೀಕ್ಷೆ ಮುಗಿಸುತ್ತದೆ. ಸದ್ದು ಏರಿ ಹೀರುವುದು ಇಳಿದಿದ್ದರೆ ಎಲ್ಲೋ ಅಡ್ಡಿಯಿದೆ. ಸದ್ದು ಎಂದಿನಂತೆಯೇ ಇದ್ದು ಹೀರುವುದು ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ, ಗಾಳಿ ಅಡ್ಡದಾರಿಯಿಂದ ನುಗ್ಗುತ್ತಿದೆ. ಸದ್ದೇ ಕುಗ್ಗಿ, ದನಿ ದಪ್ಪಗಾಗಿದ್ದರೆ ವೋಲ್ಟೇಜನ್ನೋ ಮೋಟಾರನ್ನೋ ಶಂಕಿಸಬೇಕು. ಸದ್ದೇ ಇಲ್ಲದಿದ್ದರೆ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಡ್ಡಿ ಹುಡುಕುವುದು

ಮುಂದಿನದೆಲ್ಲ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆ ಮಾಡುವ ಕೆಲಸ. ಸ್ವಿಚ್ಚು ಆರಿಸಿದರೆ ಸಾಲದು. ಹಳೆಯ ವೈರಿಂಗಿನ ಮನೆಗಳಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ತಂತಿಯನ್ನು ಕಡಿಯುವಂತೆ ಜೋಡಿಸಿರುವುದುಂಟು. ಆಗ ಆರಿಸಿದ ಯಂತ್ರದೊಳಗೂ ವಿದ್ಯುತ್ ಕಾದು ಕೂತಿರುತ್ತದೆ.

ಮೊದಲು ಉದ್ದನೆಯ ಪೈಪನ್ನು ಯಂತ್ರದಿಂದ ಬೇರ್ಪಡಿಸಿ. ಪ್ಲಗ್ಗು ಹಾಕಿ, ಯಂತ್ರವನ್ನು ಚಾಲೂ ಮಾಡಿ, ಅದರ ಬಾಯಿಗೆ ಅಂಗೈ ಒಡ್ಡಿ ನೋಡಿ. ಅಂಗೈಯನ್ನು ಗಟ್ಟಿಯಾಗಿ ಎಳೆದುಕೊಂಡರೆ ಯಂತ್ರಕ್ಕೇನೂ ಆಗಿಲ್ಲ, ದೋಷ ಪೈಪಿನಲ್ಲಿದೆ. ಎಳೆಯದಿದ್ದರೆ ದೋಷ ಯಂತ್ರದೊಳಗೆ. ಅರ್ಧ ನಿಮಿಷದ ಈ ಪರೀಕ್ಷೆಯಿಂದ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ದೋಷ ಪೈಪಿನಲ್ಲೆಂದು ಕಂಡರೆ ಪ್ಲಗ್ಗು ಕಿತ್ತು, ಮಕ್ಕಳ ಆಟದ ಗೋಲಿಯೊಂದನ್ನು ತೆಗೆದುಕೊಳ್ಳಿ. ಪೈಪನ್ನು ಎತ್ತಿ ಹಿಡಿದು ಗೋಲಿಯನ್ನು ಒಂದು ತುದಿಯಿಂದ ಬಿಡಿ. ಇನ್ನೊಂದು ತುದಿಯಿಂದ ಬಿದ್ದರೆ ದಾರಿ ಬಿಡುವಾಗಿದೆ. ಬೀಳದಿದ್ದರೆ ಅದು ಎಲ್ಲಿ ನಿಂತಿತೋ ಅಲ್ಲೇ ನಿಮ್ಮ ಕಳ್ಳ. ಸಾಮಾನ್ಯವಾಗಿ ಅವನು ಅಡಗುವುದು ಬಾಗಿದ ಹಿಡಿಯ ತಿರುವಿನಲ್ಲಿ, ಅಥವಾ ಎರಡು ಕೊಳವೆ ಸೇರುವ ಕಡೆ. ಒಂದು ವಸ್ತು ಅಡ್ಡ ಸಿಕ್ಕಿಕೊಂಡರೆ ಸಾಕು, ಕೂದಲು, ನೂಲೆಳೆ, ಹತ್ತಿ ಎಲ್ಲವೂ ಬಂದು ಅದನ್ನು ತಬ್ಬಿಕೊಳ್ಳುತ್ತವೆ. ಬಿಡಿಸಲು ಮೊಂಡು ತುದಿಯ ಬಿದಿರಿನ ಕಡ್ಡಿ ಒಳ್ಳೆಯದು. ಕಬ್ಬಿಣದ ಸರಳು ತೂರಿಸಿ ಪೈಪಿಗೆ ತೂತು ಮಾಡಿಕೊಂಡವರು ಅಡ್ಡಿ ಕಳೆದು ಸೋರಿಕೆ ಪಡೆದಂತಾಗುತ್ತದೆ. ಯಂತ್ರಕ್ಕೆ ಗಾಳಿ ಊದುವ ಬಾಯಿಯೂ ಇದ್ದರೆ ಪೈಪನ್ನು ತಿರುವುಮುರುವಾಗಿ ಅಲ್ಲಿಗೆ ಸಿಕ್ಕಿಸಿ ಊದಿಸಿ. ಈ ಕೆಲಸ ಮಾತ್ರ ಅಂಗಳದಲ್ಲಿ ಆಗಲಿ.

ದೋಷ ಯಂತ್ರದೊಳಗಿದ್ದರೆ ಅದು ಹೆಚ್ಚಾಗಿ ಚೀಲದ್ದು ಅಥವಾ ಫಿಲ್ಟರಿನದು. "ಚೀಲ ಪ್ರತಿಸಲ ಕೊಡವುತ್ತೇವಲ್ಲ" ಎಂದು ನೀವು ಹೇಳಬಹುದು. ಇಲ್ಲಿಯೇ ನಮ್ಮ ಬಯಲುಸೀಮೆಯ ಧೂಳಿನ ಗುಣ ತಿಳಿಯಬೇಕು. ಕಸ ಬೇರೆ, ಧೂಳು ಬೇರೆ. ಕಾಗದದ ಚೂರು, ಕಾಳಿನ ಹೊಟ್ಟು ಚೀಲದ ತಳದಲ್ಲಿ ಬಿದ್ದಿರುತ್ತವೆ, ಕೊಡವಿದರೆ ಹೋಗುತ್ತವೆ. ಹಿಟ್ಟಿನಷ್ಟು ನುಣ್ಣಗಿರುವ ಮಣ್ಣು ಬಟ್ಟೆಯ ನೇಯ್ಗೆಯ ಕಣ್ಣುಗಳೊಳಗೇ ಹೋಗಿ ಕೂರುತ್ತದೆ. ನೋಡುವುದಕ್ಕೆ ಚೀಲ ಖಾಲಿ, ಗಾಳಿಯ ಪಾಲಿಗೆ ಅದು ಗೋಡೆ. ಚೀಲ ಅರ್ಧ ತುಂಬುವ ಮೊದಲೇ ಹೀರುವುದು ನಿಂತುಹೋಗುವುದಕ್ಕೆ ಇದೇ ಕಾರಣ. ಸಿಮೆಂಟಿನ ಪುಡಿ, ಒಲೆಯ ಬೂದಿ, ರಂಗೋಲಿ ಪುಡಿ, ರಾಗಿ ಹಿಟ್ಟು ಇವೆಲ್ಲ ಇದೇ ಜಾತಿಯವು.

ಬಟ್ಟೆಯ ಚೀಲವನ್ನು ಒಳಹೊರಗು ಮಾಡಿ, ಉಬ್ಬಸದವರು ಇಲ್ಲದ ಕಡೆ ಕೊಡವಿ. ತೊಳೆಯಬಹುದು ಎಂದು ಕೈಪಿಡಿಯಲ್ಲಿ ಹೇಳಿದ್ದರೆ ತಣ್ಣೀರಿನಲ್ಲಿ, ಸೋಪಿಲ್ಲದೆ, ಉಜ್ಜದೆ ಜಾಲಿಸಿ. ಮೋಟಾರಿನ ಮುಂದಿರುವ ಸ್ಪಂಜಿಗೂ ಇದೇ ಉಪಚಾರ. ತೊಳೆದದ್ದು ನೆರಳಿನಲ್ಲಿ ಪೂರಾ ಒಂದು ದಿನ ಒಣಗಬೇಕು. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಪಸೆಯಿದ್ದರೆ ಧೂಳು ಕೆಸರಾಗಿ ಮೆತ್ತಿಕೊಳ್ಳುತ್ತದೆ, ಮೋಟಾರಿಗೂ ಆ ತೇವ ಹೋಗುತ್ತದೆ. ಕಾಗದದ ಚೀಲ ಮತ್ತು ಮಡಿಕೆ ಮಡಿಕೆಯಾಗಿರುವ ಕಾಗದದಂಥ ಹೆಪಾ ಫಿಲ್ಟರ್ ತೊಳೆಯುವಂಥವಲ್ಲ, ಬದಲಿಸುವಂಥವು. ತೊಳೆಯಬಹುದೆಂದು ಅದರ ಮೇಲೇ ಬರೆದಿರುವ ಹೆಪಾ ಮಾತ್ರ ಇದಕ್ಕೆ ಹೊರತು. ಫಿಲ್ಟರ್ ಇಲ್ಲದೆ ಓಡಿಸಿದರೆ ಚೆನ್ನಾಗಿ ಹೀರುತ್ತದಲ್ಲ ಎಂದು ಅದನ್ನು ಕಿತ್ತೇ ಇಡುವವರಿದ್ದಾರೆ. ಆ ಧೂಳೆಲ್ಲ ನೇರ ಮೋಟಾರಿನ ಬೇರಿಂಗಿಗೆ ಹೋಗುತ್ತದೆ ಎಂಬುದನ್ನು ಅವರು ತಿಳಿಯಬೇಕು.

ಪಟ್ಟನಾಯಕನಹಳ್ಳಿಯ ಮನೆಯಿಂದ ಮರುಪತ್ರ ಬಂತು. ಚೀಲದ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಒಂದು ಚುಕ್ಕಿ ಬೆಳಕೂ ತೂರುತ್ತಿರಲಿಲ್ಲವಂತೆ. ಜೊತೆಗೆ ಪೈಪಿನ ತಿರುವಿನಲ್ಲಿ ಒಂದು ಕಳ್ಳೇಕಾಯಿ ಸಿಪ್ಪೆ ಅಡ್ಡ ಕೂತು, ಅದರ ಸುತ್ತ ಕೂದಲು ಮತ್ತು ಕಂಬಳಿಯ ಎಳೆ ಮುದ್ದೆಗಟ್ಟಿತ್ತು. ಎರಡನ್ನೂ ತೆಗೆದ ಮೇಲೆ ಯಂತ್ರ ಮೊದಲಿನ ದನಿಗೆ ಇಳಿಯಿತು, ನಡುವೆ ನಿಲ್ಲುವುದನ್ನೂ ಬಿಟ್ಟಿತು. ಹೊಸ ಚೀಲದ ಖರ್ಚಿನಲ್ಲಿ ಕೆಲಸ ಮುಗಿಯಿತು. ಇದನ್ನು ಬರೆಯುವುದು ರಿಪೇರಿಯವರನ್ನು ದೂರುವುದಕ್ಕಲ್ಲ. ಹಳ್ಳಿಯ ಕಡೆ ಈ ಯಂತ್ರ ಅಪರೂಪ, ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು. ಹೀರದ ಯಂತ್ರವೆಂದರೆ ಸೋತ ಮೋಟಾರು ಎಂದು ಯಾರಿಗಾದರೂ ತೋರುತ್ತದೆ.

ಸೋರಿಕೆ, ಮತ್ತು ಅದಕ್ಕಿಂತ ಕೆಟ್ಟದ್ದು

ಸೋರಿಕೆಯನ್ನು ಹುಡುಕುವುದು ಸುಲಭ. ಪೈಪಿನ ತುದಿಯನ್ನು ಮುಚ್ಚಿ ಯಂತ್ರ ಓಡಿಸಿ, ಪೈಪಿನುದ್ದಕ್ಕೂ ಕೈ ಆಡಿಸಿದರೆ ಸುಯ್ಯೆನ್ನುವ ಜಾಗ ಸಿಗುತ್ತದೆ. ಪೈಪು ಬಿರಿಯುವುದು ಹೆಚ್ಚಾಗಿ ತುದಿಗಳಲ್ಲಿ. ಬಿರುಕು ಒಂದು ಗೇಣಿನೊಳಗಿದ್ದರೆ ಅಷ್ಟನ್ನು ಕತ್ತರಿಸಿ, ಉಳಿದ ಪೈಪನ್ನು ಅದೇ ಹಿಡಿಕೆಗೆ ತಿರುಗಿಸಿ ಕೂರಿಸಬಹುದು. ಟೇಪು ಸುತ್ತುವುದು ವಾರದ ಮಟ್ಟಿಗಿನ ಉಪಾಯ. ಇನ್ನೊಂದು ಜಾಗ ಮುಚ್ಚಳದ ಸುತ್ತಲಿನ ರಬ್ಬರು. ಅದರ ಮೇಲೆ ಮರಳಿನ ಒಂದು ಕಾಳು ಕೂತರೂ ಮುಚ್ಚಳ ಸರಿಯಾಗಿ ಕೂರದು. ಒದ್ದೆ ಬಟ್ಟೆಯಿಂದ ಒರೆಸಿ.

ಆದರೆ ನಾನು ಹೆಚ್ಚು ಹೆದರುವುದು ಸೋರುವ ಪೈಪಿಗಲ್ಲ, ಹರಿದ ಚೀಲಕ್ಕೆ. ಚೀಲ ಹರಿದ ಯಂತ್ರ ಮೊದಲಿಗಿಂತ ಚೆನ್ನಾಗಿಯೇ ಹೀರುತ್ತದೆ! ನೆಲ ಥಳಥಳ ಹೊಳೆಯುತ್ತದೆ. ಅತ್ತ ಹಿಂಬದಿಯ ಕಿಂಡಿಯಿಂದ ಅತಿ ಸಣ್ಣ ಧೂಳು ಕೋಣೆಯ ತುಂಬ ಚೆಲ್ಲುತ್ತಿರುತ್ತದೆ. ದಪ್ಪ ಕಣಗಳು ಬೇಗ ನೆಲಕ್ಕೆ ಬೀಳುತ್ತವೆ, ಸಣ್ಣವು ಗಂಟೆಗಟ್ಟಲೆ ತೇಲುತ್ತವೆ, ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಅವೇ. ಉಬ್ಬಸದವರಿಗೆ ಇಂಥ ಯಂತ್ರಕ್ಕಿಂತ ಒದ್ದೆ ಬಟ್ಟೆಯಿಂದ ನೆಲ ಒರೆಸುವುದೇ ವಾಸಿ. ಪರೀಕ್ಷೆ ಹೀಗೆ: ಸಂಜೆ ಕೋಣೆಯನ್ನು ಕತ್ತಲು ಮಾಡಿ, ಗಾಳಿ ಹೊರಬರುವ ಕಿಂಡಿಯ ಎದುರಿಗೆ ಅಡ್ಡಲಾಗಿ ಟಾರ್ಚ್ ಬೆಳಕು ಬಿಟ್ಟು ನೋಡಿ. ಗವಾಕ್ಷಿಯ ಬಿಸಿಲುಕೋಲಿನಲ್ಲಿ ಕಾಣುವಂತೆ ಕಣಗಳು ದಂಡಿಯಾಗಿ ಕುಣಿಯುತ್ತಿದ್ದರೆ ಚೀಲ ಹರಿದಿದೆ, ಅಥವಾ ಅದರ ಬಾಯಿ ಸರಿಯಾಗಿ ಕೂತಿಲ್ಲ.

ಈ ಯಂತ್ರದ ಚರಿತ್ರೆಯೇ ಚೀಲದ ಚರಿತ್ರೆ. ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್, ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ನೋಡಿ, ಊದುವ ಬದಲು ಹೀರಿದರೆ ಹೇಗೆ ಎಂದು ಯೋಚಿಸಿದ. ಉಪಾಹಾರ ಗೃಹವೊಂದರ ಮೆತ್ತೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಹೀರಿ ನೋಡಿದಾಗ ಬಟ್ಟೆಯ ಅಡಿಬದಿಗೆ ಧೂಳು ಮೆತ್ತಿತ್ತೆಂದು ಹೇಳುತ್ತಾರೆ. 1901ರಲ್ಲಿ ಆತ ಪೇಟೆಂಟ್ ಪಡೆದ ಯಂತ್ರ ಕುದುರೆ ಎಳೆಯುವ ಗಾಡಿಯಷ್ಟು ದೊಡ್ಡದು. ಬೀದಿಯಲ್ಲಿ ನಿಂತು ಕಿಟಕಿಯ ಮೂಲಕ ಪೈಪು ಒಳಬಿಟ್ಟು ಧೂಳು ಎಳೆಯುತ್ತಿತ್ತು. ಅದನ್ನು ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಓಹಾಯೋ ರಾಜ್ಯದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ಕಸಗುಡಿಸುವ ಕೆಲಸದಲ್ಲಿದ್ದ ಅವನಿಗೂ ಉಬ್ಬಸವಿತ್ತು. ಒಂದು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ಧೂಳು ಹಿಡಿಯಲು ಒಂದು ದಿಂಬಿನ ಚೀಲ ಇಷ್ಟರಿಂದ ಅವನು ಮಾಡಿಕೊಂಡ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ದೊರೆಯಿತು. ಅದರ ಹಕ್ಕನ್ನು ಕೊಂಡದ್ದು ಹೂವರ್ ಮನೆತನ. ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಇದು ಹೆಚ್ಚಾಗಿ ಬಂದದ್ದು 1982ರಲ್ಲಿ ಯುರೇಕಾ ಫೋರ್ಬ್ಸ್ ಆರಂಭವಾದ ಮೇಲೆ. ಟೈ ಕಟ್ಟಿ, ಯಂತ್ರ ಹೊತ್ತು ಬಾಗಿಲು ತಟ್ಟುತ್ತಿದ್ದ ಆ ಮಾರಾಟಗಾರರನ್ನು ಬೆಂಗಳೂರಿನ ಹಳಬರು ಮರೆತಿರಲಾರರು.

ಸದ್ದೇ ಇಲ್ಲದಿದ್ದರೆ

ಯಂತ್ರ ಉಸಿರೇ ಎತ್ತದಿದ್ದರೂ ಮೋಟಾರಿನ ಸರದಿ ಕೊನೆಗೇ. ಮೊದಲು ಆ ಪ್ಲಗ್ ಪಾಯಿಂಟಿಗೆ ಬೇರೆ ಏನಾದರೂ ಹಾಕಿ ನೋಡಿ. 1200 ವಾಟಿನ ಯಂತ್ರ 230 ವೋಲ್ಟಿನಲ್ಲಿ 5 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಟಿವಿಯ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ಓಡಿಸುವ ಅಭ್ಯಾಸವಿದ್ದರೆ ಬೋರ್ಡು ಒಳಗೇ ಕರಗಿರಬಹುದು. ದಪ್ಪ ಪಿನ್ನಿನ ಪವರ್ ಪಾಯಿಂಟೇ ಇದಕ್ಕೆ ಸರಿ. ಪ್ಲಗ್ಗಿನ ಪಿನ್ನು ಕಪ್ಪಾಗಿದೆಯೇ, ಬಳಸಿದ ಮೇಲೆ ಮುಟ್ಟಲಾರದಷ್ಟು ಬಿಸಿಯಾಗುತ್ತದೆಯೇ ನೋಡಿ.

ಮುಂದಿನದು ತಂತಿ. ಕಾಲಿಗೆ ತೊಡರುವುದು, ಎಳೆದು ಕೀಳುವುದು, ಬಾಗಿಲ ಸಂದಿಯಲ್ಲಿ ಸಿಕ್ಕುವುದು ಎಲ್ಲವೂ ಅದಕ್ಕೇ. ಒಳಗಿನ ತಾಮ್ರದ ಎಳೆಗಳು ತುಂಡಾಗುವುದು ಪ್ಲಗ್ಗಿನ ಬುಡದಲ್ಲಿ ಅಥವಾ ತಂತಿ ಯಂತ್ರದೊಳಗೆ ಹೋಗುವ ಕಡೆ. ಮಲ್ಟಿಮೀಟರ್ ಬಳಸಲು ಬಲ್ಲವರು ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಯಂತ್ರದ ಸ್ವಿಚ್ಚನ್ನು ಒತ್ತಿಟ್ಟು, ಎರಡು ಪಿನ್ನುಗಳ ನಡುವೆ ರೋಧ ಅಳೆಯಬಹುದು. ಕೆಲವೇ ಓಮ್ ತೋರಿಸಿದರೆ ದಾರಿ ಕೂಡಿಕೊಂಡಿದೆ. ಏನೂ ತೋರದಿದ್ದರೆ ಎಲ್ಲೋ ಕಡಿದಿದೆ. ವೇಗ ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಗುಂಡಿಯಿರುವ ಯಂತ್ರಗಳಲ್ಲಿ ಎಲ್ಲ ಸರಿಯಿದ್ದರೂ ಮೀಟರ್ ಏನೂ ತೋರದಿರಬಹುದು, ಅದನ್ನು ನಂಬಿ ತೀರ್ಮಾನಕ್ಕೆ ಬರಬೇಡಿ.

ಎಲ್ಲ ಕೂಡಿದ್ದೂ ಮೋಟಾರು ಮಂಕಾಗಿ ತಿರುಗುತ್ತಿದ್ದರೆ, ಒಮ್ಮೊಮ್ಮೆ ತಟ್ಟಿದರೆ ಓಡುತ್ತಿದ್ದರೆ, ಕಾರ್ಬನ್ ಬ್ರಷ್ ಸವೆದಿದೆ ಎಂದು ತಿಳಿಯಿರಿ. ನಿಮ್ಮ ಮನೆಯ ಮಿಕ್ಸಿಯಲ್ಲಿರುವುದೂ ಇದೇ ಜಾತಿಯ ಮೋಟಾರು. ಪಂಪ್‌ಸೆಟ್ಟಿನ ಇಂಡಕ್ಷನ್ ಮೋಟಾರು ನಿಮಿಷಕ್ಕೆ ಮೂರು ಸಾವಿರ ಸುತ್ತಿನೊಳಗೆ ತಿರುಗಿದರೆ ಇದು ಇಪ್ಪತ್ತು ಸಾವಿರ ದಾಟುತ್ತದೆ. ಅಷ್ಟು ವೇಗದಲ್ಲಿ ತಿರುಗುವ ತಾಮ್ರದ ಪಟ್ಟಿಗಳಿಗೆ ವಿದ್ಯುತ್ ಮುಟ್ಟಿಸುವುದು ಸ್ಪ್ರಿಂಗ್ ಒತ್ತಿ ಹಿಡಿದ ಎರಡು ಗ್ರಾಫೈಟ್ ತುಂಡುಗಳು. ಉಜ್ಜಿ ಉಜ್ಜಿ ಸವೆಯುವುದೇ ಅವುಗಳ ಧರ್ಮ. ಹೊಸ ಜೋಡಿಯ ಬೆಲೆ ಮೋಟಾರಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ಶಿರಾ, ಮಧುಗಿರಿಯಂಥ ಊರುಗಳಲ್ಲಿ ಮಿಕ್ಸಿ ರಿಪೇರಿ ಮಾಡುವವರು ಇದನ್ನು ಸುಲಭವಾಗಿ ಹಾಕಿಕೊಡಬಲ್ಲರು. ಅಳತೆ ಮಾತ್ರ ಹಳೆಯದಕ್ಕೆ ಸರಿಹೊಂದಬೇಕು. ದೊಡ್ಡದನ್ನು ಉಜ್ಜಿ ಕೂರಿಸಿದರೆ ಅದು ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ರಷ್ಷಿನ ಹತ್ತಿರ ಸಣ್ಣ ನೀಲಿ ಕಿಡಿ ಸಹಜ. ತಾಮ್ರದ ಸುತ್ತ ಬೆಂಕಿಯ ಬಳೆ ತೊಡಿಸಿದಂತೆ ಕಿಡಿ ಹಾರಿದರೆ, ಸುಟ್ಟ ವಾರ್ನಿಷ್ಷಿನ ವಾಸನೆಯೂ ಬಂದರೆ, ಮೋಟಾರು ನಿಜಕ್ಕೂ ಹೋಗಿದೆ. ಇಷ್ಟು ವೇಗದ ಮೋಟಾರನ್ನು ರೀವೈಂಡ್ ಮಾಡಿಸುವುದು ನನಗೆ ಸರಿಕಾಣದು. ತೂಕ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಹೆಚ್ಚು ದಿನ ಬಾಳುವುದಿಲ್ಲ.

ವೋಲ್ಟೇಜಿನ ಮಾತನ್ನೂ ಹೇಳಿಬಿಡುತ್ತೇನೆ. ಪಂಪ್‌ಸೆಟ್ ಲೈನನ್ನೂ ಮನೆಗಳ ಲೈನನ್ನೂ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಹಳ್ಳಿಗಳಲ್ಲಿ ಮೊದಲಿನ ಪಾಡಿಲ್ಲ. ಆದರೂ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಇಳಿಯುವುದುಂಟು. ಫ್ಯಾನು ಹುಟ್ಟಿಸುವ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣ. ವೇಗ ಐದರಲ್ಲಿ ಒಂದು ಪಾಲು ಇಳಿದರೆ ಹೀರುವ ಬಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಸಂಜೆ ಸೋತ ಯಂತ್ರ ಬೆಳಿಗ್ಗೆ ಗೆಲುವಾಗಿದ್ದರೆ ಅದರಲ್ಲಿ ದೋಷ ಹುಡುಕಬೇಡಿ.

ಎಲ್ಲಿ ಕೈ ತೆಗೆಯಬೇಕು

ಬೇಸಿಗೆಯ ಒಣ ಹವೆಯಲ್ಲಿ ಪೈಪು ಹಿಡಿದಾಗ ಒಮ್ಮೆ ಚುರುಕ್ಕೆಂದು ಹೊಡೆಯುತ್ತದೆ. ಧೂಳು ಪ್ಲಾಸ್ಟಿಕ್ಕಿಗೆ ಉಜ್ಜಿ ಹುಟ್ಟಿದ ಸ್ಥಿರವಿದ್ಯುತ್ ಅದು, ಅಪಾಯವಿಲ್ಲ. ಒಮ್ಮೆ ಹೊಡೆದು ಸುಮ್ಮನಾಗುವುದು ಅದರ ಗುರುತು. ಮುಟ್ಟಿದಷ್ಟು ಹೊತ್ತೂ ಜುಮ್ಮೆನ್ನುತ್ತಲೇ ಇದ್ದರೆ ಅದು ಮೇನ್ಸ್ ವಿದ್ಯುತ್ತಿನ ಸೋರಿಕೆ. ಕೂಡಲೇ ಬೋರ್ಡಿನ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು ಯಂತ್ರವನ್ನು ಪಕ್ಕಕ್ಕಿಡಿ, ಅದನ್ನು ನೀವು ಬಿಚ್ಚಬೇಡಿ. ಒಂದರೊಳಗೊಂದು ಎರಡು ಚೌಕದ ಗುರುತಿರುವ ಯಂತ್ರಕ್ಕೆ ಇಮ್ಮಡಿ ನಿರೋಧಕವಿರುವುದರಿಂದ ಅರ್ಥ್ ತಂತಿ ಬೇಕಾಗುವುದಿಲ್ಲ. ಆ ಗುರುತಿಲ್ಲದ, ಮೂರು ಪಿನ್ನಿನ ಯಂತ್ರಕ್ಕೆ ಅರ್ಥಿಂಗ್ ಬೇಕೇ ಬೇಕು. ಮನೆಗೆ ಆರ್‌ಸಿಸಿಬಿ ಹಾಕಿಸಿದ್ದರೆ ಇನ್ನೂ ಒಳ್ಳೆಯದು. 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ವಿದ್ಯುತ್ ಕಡಿಯುತ್ತದೆ.

ಒಣ ಧೂಳಿನ ಯಂತ್ರಕ್ಕೆ ನೀರು ಕುಡಿಸಬೇಡಿ. ಕೆಂಡವಿರುವ ಬೂದಿ, ಆರದ ಊದುಬತ್ತಿ, ಸೀಮೆಎಣ್ಣೆ ಚೆಲ್ಲಿದ ನೆಲ ಇವುಗಳ ಹತ್ತಿರಕ್ಕೂ ಒಯ್ಯಬೇಡಿ. ಚೀಲದೊಳಗೆ ಕಾಗದ, ಕೂದಲು, ಮೇಲಿಂದ ಬಿರುಸಿನ ಗಾಳಿ. ಕುಲುಮೆಗೆ ಇನ್ನೇನು ಬೇಕು? ಈಚೆಗೆ ಬಂದಿರುವ, ತಂತಿಯಿಲ್ಲದ ಬ್ಯಾಟರಿ ಯಂತ್ರಗಳಿಗೂ ಗಾಳಿಯ ದಾರಿಯ ಮಾತೆಲ್ಲ ಹಾಗೆಯೇ ಅನ್ವಯಿಸುತ್ತದೆ. ಅವುಗಳಲ್ಲಿ ಹಲವಕ್ಕೆ ಕಾರ್ಬನ್ ಬ್ರಷ್ ಇರುವುದಿಲ್ಲ. ಊದಿಕೊಂಡ ಲಿಥಿಯಂ ಬ್ಯಾಟರಿಯನ್ನು ಮಾತ್ರ ಬಿಚ್ಚುವುದಾಗಲಿ ಚುಚ್ಚುವುದಾಗಲಿ ಕೂಡದು, ಅದು ಹೊತ್ತಿ ಉರಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ರಿಪೇರಿಗೆ ಒಯ್ಯಬೇಕಾದರೆ, "ಕೆಟ್ಟಿದೆ" ಎಂದಷ್ಟೇ ಹೇಳಿ ಬಿಟ್ಟುಬರಬೇಡಿ. ಪೈಪು ಬಿಚ್ಚಿ ನೋಡಿದ್ದೇವೆ, ಚೀಲ ಹೊಸದು, ಪಾಯಿಂಟು ಸರಿಯಿದೆ, ಸದ್ದು ಹೀಗೆ ಬರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಕಟ್ಟಿ. ಪೈಪು, ಚೀಲ, ಕೊಳವೆ ಎಲ್ಲವನ್ನೂ ಜೊತೆಗೇ ಒಯ್ಯಿರಿ. ಬ್ರಷ್ ಬದಲಿಸಿದರೆ ಹಳೆಯ ಜೋಡಿಯನ್ನು ಕೇಳಿ ಇಸಿದುಕೊಂಡು ಬನ್ನಿ. ಮುಂದಿನ ಸಲ ಅಂಗಡಿಯಲ್ಲಿ ಅಳತೆ ತೋರಿಸಲು ಅದು ಬೇಕಾಗುತ್ತದೆ.